ಕೂಡಿಟ್ಟವರು ಬಿಟ್ಟುಕೊಡುವ ಹೊತ್ತು

2014ರ ಜುಲೈನಲ್ಲಿ ಇಂಗ್ಲೆಂಡಿನ ದಂತವೈದ್ಯರೊಬ್ಬರು ತಮ್ಮ ಕಾರುಗಳನ್ನು ಮಾರಿದರು. ಜೇಮ್ಸ್ ಹಲ್ ಎಂದು ಅವರ ಹೆಸರು. ಹಲ್ಲಿನ ಚಿಕಿತ್ಸಾಲಯಗಳ ದೊಡ್ಡದೊಂದು ಸರಣಿ ಕಟ್ಟಿ, ಅದರಲ್ಲಿ ಬಂದ ಹಣವನ್ನು ದಶಕಗಳ ಕಾಲ ಹಳೆಯ ಕಾರುಗಳಿಗೆ ಹಾಕಿದವರು. ಮಾರಿದ್ದು ಒಂದೆರಡಲ್ಲ, 543 ಕಾರು. ಅದೂ ಒಂದೇ ಸಲಕ್ಕೆ, ಒಂದೇ ಗಿರಾಕಿಗೆ. ಅದರಲ್ಲಿ 130ಕ್ಕೂ ಹೆಚ್ಚು ಜಾಗ್ವಾರ್‌ಗಳಿದ್ದವು. ವಿನ್‌ಸ್ಟನ್ ಚರ್ಚಿಲ್ ಬಳಸಿದ ಆಸ್ಟಿನ್, ಲಾರ್ಡ್ ಮೌಂಟ್‌ಬ್ಯಾಟನ್ ಅವರ ಮಿನಿ, ಗಾಯಕ ಎಲ್ಟನ್ ಜಾನ್ ಅವರ ಬೆಂಟ್ಲಿ ಇದ್ದವು. ಇವುಗಳ ಪಕ್ಕದಲ್ಲೇ, ಯಾವ ಪ್ರಸಿದ್ಧರೂ ಹತ್ತದ, ಬ್ರಿಟನ್ನಿನ ಸಾಮಾನ್ಯ ಮನೆಮಂದಿ ಓಡಿಸಿ ಸವೆಸಿದ ಕಾರುಗಳೂ ನಿಂತಿದ್ದವು. ಇಡೀ ಸಂಗ್ರಹಕ್ಕೆ ಹತ್ತು ಕೋಟಿ ಪೌಂಡ್ ಬೆಲೆ, ಅಂದರೆ ಅಂದಿನ ಲೆಕ್ಕದಲ್ಲಿ ಸುಮಾರು 1,000 ಕೋಟಿ ರೂಪಾಯಿ ಎಂದು ಪತ್ರಿಕೆಗಳು ಬರೆದವು. ಕೊಂಡದ್ದು ಜಾಗ್ವಾರ್ ಲ್ಯಾಂಡ್ ರೋವರ್. 2008ರಲ್ಲಿ ಫೋರ್ಡ್ ಕೈಯಿಂದ ನಮ್ಮ ಟಾಟಾ ಮೋಟಾರ್ಸ್ ಕೈಗೆ ಬಂದ ಕಂಪನಿ.

ಹಲ್ ಅವರಿಗೆ ಗಿರಾಕಿಗಳ ಬರ ಇರಲಿಲ್ಲ. ಬಿಡಿಬಿಡಿಯಾಗಿ ಮಾರಬಹುದಿತ್ತು, ಹೊರದೇಶಕ್ಕೆ ಕಳಿಸಬಹುದಿತ್ತು. ಅವರು ಹುಡುಕಿದ್ದು ಸಂಗ್ರಹ ಚದುರದೆ ಬ್ರಿಟನ್ನಿನಲ್ಲೇ ಉಳಿಯುವ ದಾರಿಯನ್ನು. ಆ ಸುದ್ದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೆಲೆಯಲ್ಲ, ಈ ಹುಡುಕಾಟ. ಹಳೆಯ ಕಾರುಗಳನ್ನು ಕೂಡಿಡುವವರ ಬಗ್ಗೆ ನಾವು ಓದುವ ಬರಹಗಳೆಲ್ಲ ಕೊಂಡ ಕಥೆಗಳೇ: ಯಾವ ಕೊಟ್ಟಿಗೆಯಲ್ಲಿ ಸಿಕ್ಕಿತು, ಎಷ್ಟಕ್ಕೆ ಕುದುರಿತು, ಎಷ್ಟು ವರ್ಷ ದುರಸ್ತಿ ಹಿಡಿಯಿತು. ಬಿಟ್ಟುಕೊಟ್ಟ ಕಥೆಗಳು ಕಡಿಮೆ. ಸಂಗ್ರಹಕಾರನ ನಿಜವಾದ ಅಳತೆ ಸಿಗುವುದು ಮಾತ್ರ ಅಲ್ಲೇ ಎಂದು ನನಗೆ ಅನಿಸಿದೆ. ಕಾರು ಹೇಗೂ ಇನ್ನೊಬ್ಬರ ಗ್ಯಾರೇಜು ಸೇರುತ್ತದೆ. ಬೆಲೆಬಾಳುವ ಕಬ್ಬಿಣವನ್ನು ಯಾರೂ ಬೀದಿಗೆ ಬಿಸಾಡುವುದಿಲ್ಲ. ಚೆಲ್ಲಾಪಿಲ್ಲಿಯಾಗುವುದು ಆ ಕಾರುಗಳ ಬಗ್ಗೆ ಒಬ್ಬ ಮನುಷ್ಯನ ತಲೆಯಲ್ಲಿ, ಅವನ ಮೇಸ್ತ್ರಿಗಳ ಕೈಯಲ್ಲಿ, ಕಪಾಟಿನ ಕಾಗದಗಳಲ್ಲಿ ಸೇರಿಕೊಂಡ ತಿಳಿವಳಿಕೆ.

ಮೊದಲು, ಇಷ್ಟು ಕಾರುಗಳನ್ನು ಇಟ್ಟುಕೊಳ್ಳುವುದು ಎಂದರೇನು ಎಂಬುದನ್ನು ನೋಡಬೇಕು. ಓಡುವ ಕಾರಿಗಿಂತ ನಿಂತ ಕಾರು ಬೇಗ ಕೆಡುತ್ತದೆ. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತ ಪೆಟ್ರೋಲು ಅಂಟಂಟಾಗಿ ಕಾರ್ಬ್ಯುರೇಟರಿನ ಸೂಜಿಮೊನೆಯಂಥ ಜೆಟ್‌ಗಳನ್ನು ಮುಚ್ಚುತ್ತದೆ. ಈಗಿನ ಪೆಟ್ರೋಲಿನಲ್ಲಿ ಬೆರೆಸುವ ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹಳೆಯ ಕಾಲದ ರಬ್ಬರ್ ಹೋಸುಗಳನ್ನು ಹಾಳು ಮಾಡುತ್ತದೆ. ಬ್ರೇಕ್ ಆಯಿಲ್‌ಗೂ ನೀರು ಹೀರುವ ಗುಣವಿದೆ. ಎರಡು ಮಳೆಗಾಲ ಬದಲಿಸದಿದ್ದರೆ ಚಕ್ರದ ಸಿಲಿಂಡರುಗಳ ಒಳಗೆ ತುಕ್ಕು ಹಿಡಿದು, ಒಂದು ದಿನ ಪೆಡಲ್ ಒತ್ತಿದರೆ ಬ್ರೇಕು ಕಚ್ಚಿಕೊಂಡು ಬಿಡುವುದೇ ಇಲ್ಲ. ಒಂದೇ ಜಾಗದಲ್ಲಿ ಭಾರ ಹೊತ್ತು ನಿಂತ ಟೈರು ಅಡಿಯಲ್ಲಿ ಚಪ್ಪಟೆಯಾಗುತ್ತದೆ. ಹತ್ತಿಬಟ್ಟೆ ಸುತ್ತಿದ ಹಳೆಯ ವಯರುಗಳೆಂದರೆ ಇಲಿಗಳಿಗೆ ಬಲು ಇಷ್ಟ. ಇನ್ನು 1920–30ರ ದಶಕದ ಬಹಳಷ್ಟು ಕಾರುಗಳ ತಗಡಿನ ಮೈ ಒಳಗೆ ಇರುವುದು ಮರದ ಚೌಕಟ್ಟು. ಬಡಗಿ ಕೂಡಿಸಿ ಕಟ್ಟಿದ ಆ ಅಸ್ಥಿಪಂಜರ ಹೊರಗೆ ಕಾಣುವುದಿಲ್ಲ. ತೇವ ಒಳಗಿಳಿದು ಮರ ಪುಡಿಯಾದರೂ ಹೊರಗಿನ ಬಣ್ಣ ಹೊಳೆಯುತ್ತಲೇ ಇರುತ್ತದೆ. ಬಾಗಿಲು ತೆರೆದಾಗ ಒಂದಿಷ್ಟು ಕೆಳಕ್ಕೆ ಜೋತುಬಿದ್ದು, ಮುಚ್ಚುವಾಗ ಎತ್ತಿ ಕೂರಿಸಬೇಕಾದರೆ ಒಳಗಿನ ಕಂಬ ಹೋಗಿದೆ ಎಂದೇ ಲೆಕ್ಕ. ಗೆದ್ದಲು, ಶೀತ ಎರಡೂ ಇರುವ ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

543 ಕಾರುಗಳನ್ನು ತಿಂಗಳಿಗೊಮ್ಮೆಯಾದರೂ ಸ್ಟಾರ್ಟ್ ಮಾಡಿ ಬಿಸಿ ಮಾಡಬೇಕೆಂದರೆ ದಿನಕ್ಕೆ ಹದಿನೆಂಟು ಕಾರು, ಭಾನುವಾರವೂ ಬಿಡುವಿಲ್ಲದೆ. ಒಬ್ಬ ವ್ಯಕ್ತಿಯ ಪ್ರೀತಿಯಿಂದ ಶುರುವಾದದ್ದು ಹೀಗೆ ಒಂದು ಹಂತ ದಾಟಿದ ಮೇಲೆ ಕಾರ್ಖಾನೆಯಾಗುತ್ತದೆ. ಜಾಗ, ವಿಮೆ, ಬೆಂಕಿಯ ಭಯ, ಮೇಸ್ತ್ರಿಗಳ ಸಂಬಳ, ಸಿಗದ ಬಿಡಿಭಾಗಗಳನ್ನು ಹೊಸದಾಗಿ ಎರಕ ಹೊಯ್ಯಿಸುವ ಖರ್ಚು. ಮಕ್ಕಳಿಗೆ ಅದೇ ಹುಚ್ಚು ಇರಬೇಕೆಂದೇನೂ ಇಲ್ಲ. ಅರವತ್ತು ದಾಟಿದ ಸಂಗ್ರಹಕಾರನೆದುರು ಆಗ ಒಂದೇ ಪ್ರಶ್ನೆ ಉಳಿಯುತ್ತದೆ: ನಾನಿರುವಾಗಲೇ ಕೊಡಬೇಕೋ, ನಾನು ಹೋದ ಮೇಲೆ ಯಾರೋ ಹಂಚಬೇಕೋ?

ಎರಡನೆಯದು ಹೇಗಿರುತ್ತದೆ ಎಂಬುದಕ್ಕೆ ಅಮೆರಿಕದ ಬಿಲ್ ಹ್ಯಾರಾ ಅವರ ಸಂಗ್ರಹಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. 1911ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ಹ್ಯಾರಾ 1937ರಲ್ಲಿ ನೆವಾಡ ರಾಜ್ಯದ ರೀನೋ ಪಟ್ಟಣಕ್ಕೆ ಬಂದು ಸಣ್ಣದೊಂದು ಬಿಂಗೊ ಅಂಗಡಿ ತೆರೆದರು. ಅದು ಬೆಳೆದು ದೊಡ್ಡ ಕ್ಯಾಸಿನೊ–ಹೋಟೆಲುಗಳ ಕಂಪನಿಯಾಯಿತು. 1948ರಲ್ಲಿ ಎರಡು ಹಳೆಯ ಕಾರು ಕೊಂಡರು, ಒಂದು ಮ್ಯಾಕ್ಸ್‌ವೆಲ್, ಒಂದು ಫೋರ್ಡ್. ಆಮೇಲೆ ಕೈ ನಿಲ್ಲಲಿಲ್ಲ. ರೀನೋ ಪಕ್ಕದ ಸ್ಪಾರ್ಕ್ಸ್ ಎಂಬಲ್ಲಿನ ಗೋದಾಮುಗಳಲ್ಲಿ ಕಾರುಗಳ ಸಂಖ್ಯೆ ಸುಮಾರು 1,400ಕ್ಕೆ ಏರಿತು.

ಆ ಸಂಖ್ಯೆಗಿಂತ ಹ್ಯಾರಾ ಅವರು ಕೆಲಸ ಮಾಡಿಸುತ್ತಿದ್ದ ರೀತಿಯ ಬಗ್ಗೆ ನನಗೆ ಗೌರವ. ಕಾರು ಹೊಳೆದರೆ ಅವರಿಗೆ ಸಾಲದು. ಕಾರ್ಖಾನೆಯ ಬಾಗಿಲು ದಾಟಿದ ದಿನ ಹೇಗಿತ್ತೋ ಹಾಗೇ ಇರಬೇಕು. ಅದಕ್ಕೆಂದೇ ದೊಡ್ಡದೊಂದು ಗ್ರಂಥಾಲಯ ಕಟ್ಟಿದರು. ಹಳೆಯ ಕಂಪನಿಗಳ ಮಾರಾಟದ ಕರಪತ್ರ, ಬಿಡಿಭಾಗಗಳ ಪಟ್ಟಿ, ವಯರಿಂಗ್ ನಕ್ಷೆ, ಬಣ್ಣದ ಮಾದರಿ, ಛಾಯಾಚಿತ್ರ ಎಲ್ಲವೂ ಅಲ್ಲಿ ಸೇರಿದವು. ಒಂದು ಕಾರಿನ ದುರಸ್ತಿ ಶುರುವಾಗುವ ಮೊದಲು ಅದರ ಬಗ್ಗೆ ಸಂಶೋಧನೆ ಮುಗಿಯಬೇಕಿತ್ತು. ಬಡಗಿ, ಚರ್ಮ ಹೊಲಿಯುವವರು, ಎಂಜಿನ್ ಕಟ್ಟುವವರು, ಲೋಹಕ್ಕೆ ಲೇಪ ಕೊಡುವವರು ಎಲ್ಲರೂ ಒಂದೇ ಆವರಣದಲ್ಲಿದ್ದರು.

ಇದು ಹೇಗೆ ನಡೆಯುತ್ತಿತ್ತು ಎಂಬುದನ್ನು ಒಂದೇ ಕಾರಿನಲ್ಲಿ ನೋಡಬಹುದು. 1908ರ ಫೆಬ್ರುವರಿ 12ರಂದು ನ್ಯೂಯಾರ್ಕಿನ ಟೈಮ್ಸ್ ಚೌಕದಿಂದ ಆರು ಕಾರುಗಳು ಪ್ಯಾರಿಸ್ಸಿಗೆ ಹೊರಟವು. ಮೂರು ಫ್ರಾನ್ಸಿನವು, ಜರ್ಮನಿಯದೊಂದು, ಇಟಲಿಯದೊಂದು, ಅಮೆರಿಕದ್ದೊಂದು. ಹಿಮದಲ್ಲಿ ಅಮೆರಿಕ ದಾಟಿ, ಹಡಗಿನಲ್ಲಿ ಜಪಾನಿಗೆ ಹೋಗಿ, ವ್ಲಾಡಿವಾಸ್ಟಾಕ್‌ನಿಂದ ಸೈಬೀರಿಯದ ಕೆಸರಿನಲ್ಲಿ ಹೂತು ಎದ್ದು ಯುರೋಪು ತಲುಪುವ ಓಟ ಅದು. ಬಫಲೋ ನಗರದ ಥಾಮಸ್ ಕಂಪನಿಯ 60 ಅಶ್ವಶಕ್ತಿಯ ‘ಥಾಮಸ್ ಫ್ಲೈಯರ್’ ಜುಲೈ 30ರಂದು, 169 ದಿನಗಳ ಮೇಲೆ ಪ್ಯಾರಿಸ್ ಮುಟ್ಟಿತು. ಜರ್ಮನಿಯ ಪ್ರೋಟೋಸ್ ನಾಲ್ಕು ದಿನ ಮೊದಲೇ ಬಂದಿತ್ತು. ಆದರೆ ದಾರಿಯ ಒಂದು ಭಾಗವನ್ನು ಅದು ರೈಲಿನ ಮೇಲೆ ಕ್ರಮಿಸಿತ್ತು. ಫ್ಲೈಯರ್ ಅಲಾಸ್ಕದವರೆಗೆ ಹೋಗಿ ಬಂದಿತ್ತು. ಇವೆರಡನ್ನೂ ಲೆಕ್ಕಕ್ಕೆ ಹಿಡಿದು ಗೆಲುವನ್ನು ಫ್ಲೈಯರ್‌ಗೆ ಕೊಟ್ಟರು. ಮೊದಲಿನಿಂದ ಕೊನೆಯವರೆಗೂ ಆ ಕಾರನ್ನು ಬಿಡದೆ ಬಂದವನು ಜಾರ್ಜ್ ಶುಸ್ಟರ್ ಎಂಬ ಮೆಕ್ಯಾನಿಕ್.

ಐದು ವರ್ಷಕ್ಕೆ ಥಾಮಸ್ ಕಂಪನಿ ದಿವಾಳಿಯಾಯಿತು. ಲೋಕ ಸುತ್ತಿದ ಕಾರು ಕಂಪನಿಯ ಉಳಿದ ಸಾಮಾನುಗಳ ಜೊತೆ ಹರಾಜಾಯಿತು, ಕೈಯಿಂದ ಕೈಗೆ ಹೋಯಿತು, ತುಕ್ಕು ತಿಂದಿತು. 1964ರಲ್ಲಿ ಹ್ಯಾರಾ ಅದನ್ನು ಕೊಂಡಾಗ ಇದು ನಿಜವಾಗಿಯೂ ಆ ಕಾರೇ ಹೌದೇ ಎಂಬ ಅನುಮಾನವಿತ್ತು. ಶುಸ್ಟರ್ ಇನ್ನೂ ಬದುಕಿದ್ದರು, ವಯಸ್ಸು 91. ಅವರನ್ನು ರೀನೋಗೆ ಕರೆಸಿದರು. ಇದಲ್ಲ ಎಂಬ ಶಂಕೆಯಲ್ಲೇ ಮುದುಕರು ಬಂದರು. ಕಾರನ್ನು ಬಿಚ್ಚಿದರು. ಬಣ್ಣ, ಜಿಡ್ಡು, ಆಮೇಲೆ ಸೇರಿಸಿದ ತುಂಡುಗಳೆಲ್ಲ ಹೋಗಿ ಬೆತ್ತಲೆ ಚಾಸಿಸ್ ಹೊರಬಿದ್ದಾಗ ಅಲ್ಲಿ ದಾರಿಯಲ್ಲಿ ಮಾಡಿದ ರಿಪೇರಿಯ ಗುರುತುಗಳು ಕಂಡವು. ಐವತ್ತಾರು ವರ್ಷ ಹಿಂದೆ ತಾವೇ ಮಾಡಿದ ಆ ಕೆಲಸವನ್ನು ಶುಸ್ಟರ್ ಗುರುತಿಸಿದರು. ಅನುಮಾನ ಅಲ್ಲಿಗೆ ತೀರಿತು. ಆಮೇಲೆ ಹ್ಯಾರಾ ಮೇಸ್ತ್ರಿಗಳು ಕಾರನ್ನು ಹೊಚ್ಚಹೊಸದಾಗಿ ಹೊಳೆಯಿಸಲಿಲ್ಲ. 1908ರ ಜುಲೈನಲ್ಲಿ ಪ್ಯಾರಿಸ್ ಮುಟ್ಟಿದಾಗ ಹೇಗಿತ್ತೋ ಹಾಗೆ, ಓಟದ ದಣಿವು ಕಾಣುವಂತೆ ಕಟ್ಟಿ ನಿಲ್ಲಿಸಿದರು. ಗೆದ್ದವರಿಗೆ ಬರಬೇಕಿದ್ದ 1,000 ಡಾಲರ್ ಬಹುಮಾನವನ್ನು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಶುಸ್ಟರ್ ಅವರಿಗೆ ಕೊಟ್ಟದ್ದು 1968ರಲ್ಲಿ. ಆಗ ಅವರಿಗೆ 95.

ಕೆಲವು ವರ್ಷ ತಡವಾಗಿದ್ದರೆ ಆ ಗುರುತುಗಳನ್ನು ಓದಬಲ್ಲ ಕಣ್ಣೇ ಲೋಕದಲ್ಲಿ ಇರುತ್ತಿರಲಿಲ್ಲ. ಶುಸ್ಟರ್ 1972ರಲ್ಲಿ ತೀರಿಕೊಂಡರು.

ಇಷ್ಟೊಂದು ಮುಂದಾಲೋಚನೆಯ ಹ್ಯಾರಾ ತಮ್ಮ ಸಂಗ್ರಹದ ನಾಳೆಯ ಬಗ್ಗೆ ಮಾತ್ರ ಯಾವ ಗಟ್ಟಿ ಏರ್ಪಾಟನ್ನೂ ಮಾಡಲಿಲ್ಲ. ಕಾರುಗಳಿದ್ದದ್ದು ಕಂಪನಿಯ ಆಸ್ತಿಯಾಗಿ. ಅವುಗಳಿಗೆಂದೇ ಬೇರೆ ಟ್ರಸ್ಟ್ ಇರಲಿಲ್ಲ. 1978ರ ಜೂನ್ 30ರಂದು ಶಸ್ತ್ರಚಿಕಿತ್ಸೆಯ ವೇಳೆ ಅವರು ತೀರಿಕೊಂಡರು. 1980ರಲ್ಲಿ ಹಾಲಿಡೇ ಇನ್ ಕಂಪನಿ ಇಡೀ ಹ್ಯಾರಾ ವ್ಯವಹಾರವನ್ನು ಕೊಂಡಿತು. ಹೋಟೆಲು, ಕ್ಯಾಸಿನೊಗಳ ಜೊತೆ ಕಾರುಗಳೂ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲಾಗಿ ಬಂದವು. ಹೋಟೆಲು ನಡೆಸುವವರಿಗೆ ಸಾವಿರದ ನಾನೂರು ಹಳೆಯ ಕಾರು ಯಾಕೆ? ಮಾರುತ್ತೇವೆ ಎಂದರು. ನೆವಾಡದ ಜನ ಕೂಗೆಬ್ಬಿಸಿದರು. ರಾಜ್ಯದ ಗವರ್ನರ್ ಕೂಡ ಮಧ್ಯೆ ಬಂದರು. ಕೊನೆಗೆ 175 ಕಾರುಗಳನ್ನೂ ಆ ಗ್ರಂಥಾಲಯವನ್ನೂ ಲಾಭರಹಿತ ಸಂಸ್ಥೆಯೊಂದಕ್ಕೆ ದಾನ ಕೊಡಲು ಕಂಪನಿ ಒಪ್ಪಿತು. ಉಳಿದವು 1984, 85, 86ರ ಹರಾಜುಗಳಲ್ಲಿ ಹೋದವು. ಉಳಿದುಕೊಂಡ ಕಾರುಗಳಿಗೆ 1989ರಲ್ಲಿ ರೀನೋ ಪಟ್ಟಣದ ನದೀತೀರದಲ್ಲಿ ಮ್ಯೂಸಿಯಂ ತೆರೆಯಿತು. ಥಾಮಸ್ ಫ್ಲೈಯರ್ ಇವತ್ತೂ ಅಲ್ಲಿದೆ.

ಕಂಪನಿಯನ್ನು ಖಳನಾಯಕನಾಗಿಸುವುದು ಸುಲಭ. ನನಗೆ ಹಾಗೆ ಕಾಣುವುದಿಲ್ಲ. ಕಾನೂನಿನ ಪ್ರಕಾರ ಅದು ಏನನ್ನೂ ಕೊಡಬೇಕಿರಲಿಲ್ಲ. ಕಾಗದದ ಮೇಲೆ ಒಂದು ನಿರ್ಧಾರ ಬರೆದಿಡಬೇಕಾಗಿದ್ದವರು ಬರೆದಿಡಲಿಲ್ಲ. ಆ ನಿರ್ಧಾರವನ್ನು ಊರಿನ ಜನ ಬೀದಿಯಲ್ಲಿ ಕೂಗಿ ಪಡೆಯಬೇಕಾಯಿತು. ಅದೂ ಎಂಟರಲ್ಲಿ ಒಂದು ಪಾಲಿಗೆ.

ಹರಾಜು ಎಂದರೆ ಸಂಗ್ರಹಕ್ಕೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ರತಿ ಕಾರಿಗೂ ಒಂದು ಲಾಟ್ ಸಂಖ್ಯೆ, ಕ್ಯಾಟಲಾಗಿನಲ್ಲಿ ಒಂದು ಅಂದಾಜು ಬೆಲೆ. ಇಷ್ಟಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂದು ಮಾರುವವರು ಗುಟ್ಟಾಗಿ ಹೇಳಿಟ್ಟ ಮೊತ್ತವೇ ರಿಸರ್ವ್. ಅದಿಲ್ಲದೆ ಬಂದ ಕಾರು ಎಷ್ಟಕ್ಕೆ ಕೂಗಿದರೂ ಹೋಗಲೇಬೇಕು. ಸುತ್ತಿಗೆ ಬಿದ್ದ ಬೆಲೆಯ ಮೇಲೆ ಕೊಂಡವರು ಹರಾಜು ಸಂಸ್ಥೆಗೆ ಬೇರೆ ಕಮಿಷನ್ ಕೊಡುತ್ತಾರೆ. ಒಂದೇ ದಿನ ಒಂದೇ ಬಗೆಯ ಇಪ್ಪತ್ತು ಕಾರು ಬಂದರೆ ಗಿರಾಕಿಗಳ ಕೈ ಸಡಿಲವಾಗುವುದಿಲ್ಲ. ಅದಕ್ಕೇ ದೊಡ್ಡ ಸಂಗ್ರಹಗಳನ್ನು ವರ್ಷಗಳ ಮೇಲೆ ಹಂಚಿ ಮಾರುವುದು. ಬೆಲೆ ಕಟ್ಟುವುದು ಬರೀ ಅಂದವನ್ನು ನೋಡಿ ಅಲ್ಲ. ಚಾಸಿಸ್ಸಿನ ಮೇಲೆ ಕೆತ್ತಿದ ಸಂಖ್ಯೆ, ಎಂಜಿನ್ ಬ್ಲಾಕಿನ ಸಂಖ್ಯೆ, ಕಾರ್ಖಾನೆಯ ದಾಖಲೆಯಲ್ಲಿರುವ ಸಂಖ್ಯೆ ಮೂರೂ ಹೊಂದಬೇಕು. ಮೊದಲ ಮಾಲೀಕರಿಂದ ಇವತ್ತಿನವರೆಗಿನ ಸರಪಳಿಯಲ್ಲಿ ಕೊಂಡಿ ತಪ್ಪಿರಬಾರದು. ಎಂಜಿನ್ ಬೇರೆ ಕಾರಿನದು ಎಂದಾದರೆ, ಎರಡು ಕಾರುಗಳ ಮೈಬಣ್ಣ ಒಂದೇ ಥರ ಹೊಳೆದರೂ ಬೆಲೆ ಅರ್ಧಕ್ಕೆ ಇಳಿದುಬಿಡಬಹುದು. ಆ ಕಾಗದಗಳಿಗೂ ಲೋಹಕ್ಕಿರುವಷ್ಟೇ ಬೆಲೆ ಎಂದು ಸಂಗ್ರಹಕಾರರು ಹೇಳುವುದು ಇದಕ್ಕೇ.

ಹ್ಯಾರಾ ಬಳಿ ಎರಡು ಬುಗಾಟಿ ರಾಯಲ್‌ಗಳಿದ್ದವು. 12.7 ಲೀಟರ್ ಎಂಜಿನ್ನಿನ, ರಾಜಮಹಾರಾಜರಿಗೆಂದೇ ಎತ್ತೋರೆ ಬುಗಾಟಿ ಯೋಚಿಸಿದ ಈ ಕಾರಿನಲ್ಲಿ ಉಳಿದವು ಆರೇ ಆರು. ಆ ಎರಡರಲ್ಲೊಂದು, ಬೆರ್ಲೀನ್ ದ ವೊಯಾಜ್, ಕೈಬದಲಾದ ಚರಿತ್ರೆಯನ್ನು ನೋಡಿ. ಎರಡನೇ ಮಹಾಯುದ್ಧ ಮುಗಿದು ಬುಗಾಟಿ ಮನೆತನ ಕಷ್ಟದಲ್ಲಿದ್ದಾಗ, 1950ರಲ್ಲಿ, ಬ್ರಿಗ್ಸ್ ಕನಿಂಗ್‌ಹ್ಯಾಮ್ ಎಂಬ ಅಮೆರಿಕನ್ ಶ್ರೀಮಂತ ಎರಡು ರಾಯಲ್‌ಗಳನ್ನು ಒಟ್ಟಿಗೆ ಕೊಂಡರು. ಕೊಟ್ಟದ್ದು ಒಂದೊಂದಕ್ಕೆ ಆರುನೂರು ಡಾಲರಿಗೂ ಕಡಿಮೆ ನಗದು, ಜೊತೆಗೆ ಹೊಸ ರೆಫ್ರಿಜರೇಟರ್‌ಗಳು. ಯುದ್ಧ ಕಳೆದ ಫ್ರಾನ್ಸಿನಲ್ಲಿ ಅವು ಸಿಗುತ್ತಿರಲಿಲ್ಲ. 1986ರ ಹ್ಯಾರಾ ಹರಾಜಿನಲ್ಲಿ ಅದೇ ಬೆರ್ಲೀನ್ 65 ಲಕ್ಷ ಡಾಲರಿಗೆ ಹೋಯಿತು. ವರ್ಷ ತಿರುಗುವುದರೊಳಗೆ ಡೊಮಿನೋಸ್ ಪಿಜ್ಜಾ ಕಂಪನಿಯ ಒಡೆಯ ಟಾಮ್ ಮೋನಹನ್ ಅದಕ್ಕೆ 81 ಲಕ್ಷ ಡಾಲರ್ ಕೊಟ್ಟರು.

ಕನಿಂಗ್‌ಹ್ಯಾಮ್ ಹೆಸರು ಬಂದದ್ದರಿಂದ ಅವರ ಬಗ್ಗೆ ಹೇಳದೆ ಮುಂದೆ ಹೋಗಲಾರೆ, ಯಾಕೆಂದರೆ ಬಿಟ್ಟುಕೊಟ್ಟವರಲ್ಲಿ ನನ್ನ ಮನಸ್ಸು ಒಪ್ಪುವವರು ಅವರೇ. ಸ್ವಂತ ಹೆಸರಿನ ಕಾರು ಕಟ್ಟಿ ಲ ಮಾನ್ಸ್ ಓಟಕ್ಕೆ ಇಳಿದವರು, 1958ರಲ್ಲಿ ಅಮೆರಿಕಾಸ್ ಕಪ್ ಗೆದ್ದ ಹಾಯಿದೋಣಿಯ ನಾಯಕರು. ಕ್ಯಾಲಿಫೋರ್ನಿಯದ ಕೋಸ್ಟಾ ಮೆಸಾದಲ್ಲಿ ತಮ್ಮ ಕಾರುಗಳಿಗೆ ಮ್ಯೂಸಿಯಂ ತೆರೆದು ಎರಡು ದಶಕ ನಡೆಸಿದರು. ವಯಸ್ಸು ಎಂಬತ್ತರ ಹತ್ತಿರ ಬಂದಾಗ, 1986ರಲ್ಲಿ, ಮ್ಯೂಸಿಯಮ್ಮಿನ ಕಾರುಗಳನ್ನು ಮೈಲ್ಸ್ ಕಾಲಿಯರ್ ಎಂಬವರಿಗೆ ಕೊಟ್ಟರು. ಕಾಲಿಯರ್ ಅಪರಿಚಿತ ಗಿರಾಕಿಯಲ್ಲ. ಅವರ ತಂದೆಯೂ ದೊಡ್ಡಪ್ಪ ಸ್ಯಾಮ್ ಕಾಲಿಯರ್ ಅವರೂ ಕನಿಂಗ್‌ಹ್ಯಾಮ್ ಜೊತೆ ಓಟದಲ್ಲಿ ಪಾಲ್ಗೊಂಡ ಗೆಳೆಯರು. 1950ರಲ್ಲಿ ವಾಟ್ಕಿನ್ಸ್ ಗ್ಲೆನ್ ಓಟದಲ್ಲಿ ಸ್ಯಾಮ್ ಸತ್ತದ್ದು ಕನಿಂಗ್‌ಹ್ಯಾಮ್ ಅವರ ಫೆರಾರಿ 166 ಓಡಿಸುತ್ತಿದ್ದಾಗ. ಆ ಫೆರಾರಿಯೂ ಈಗ ಕಾಲಿಯರ್ ಫ್ಲಾರಿಡದ ನೇಪಲ್ಸ್‌ನಲ್ಲಿ ಕಟ್ಟಿದ ರೆವ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿದೆ. ಅಲ್ಲಿ ಕಾರುಗಳನ್ನು ಓಡುವ ಸ್ಥಿತಿಯಲ್ಲಿಟ್ಟಿದ್ದಾರೆ, ಅವುಗಳ ದಾಖಲೆಗಳನ್ನು ವಿದ್ವಾಂಸರಿಗೆ ತೆರೆದಿಟ್ಟಿದ್ದಾರೆ. ಕನಿಂಗ್‌ಹ್ಯಾಮ್ 2003ರವರೆಗೂ ಬದುಕಿದ್ದರು. ಬಿಟ್ಟುಕೊಟ್ಟ ಮೇಲೂ ಹದಿನೇಳು ವರ್ಷ, ಯಾವ ಕಾರು ಎಲ್ಲಿಂದ ಬಂತು, ಯಾವ ಓಟದಲ್ಲಿ ಎಲ್ಲಿ ಮುರಿಯಿತು ಎಂದು ಕೇಳಿದರೆ ಹೇಳಬಲ್ಲವರು ಇದ್ದರು. ಬದುಕಿದ್ದಾಗಲೇ ಕೊಡುವುದರ ಲಾಭ ಇದು.

ಎಲ್ಲರಿಗೂ ಈ ಭಾಗ್ಯವಿಲ್ಲ. ಫ್ರಾನ್ಸಿನ ಮುಲೂಸ್‌ನಲ್ಲಿ ಬಟ್ಟೆ ಗಿರಣಿ ನಡೆಸುತ್ತಿದ್ದ ಶ್ಲುಂಪ್ ಸಹೋದರರು 400ಕ್ಕೂ ಹೆಚ್ಚು ಕಾರುಗಳನ್ನು ಹೊರಗಿನವರಿಗೆ ತೋರಿಸದೆ ಕೂಡಿಟ್ಟಿದ್ದರು. 1977ರಲ್ಲಿ ಸಂಬಳವಿಲ್ಲದೆ ಬೀದಿಗೆ ಬಿದ್ದ ಕಾರ್ಮಿಕರು ಬಾಗಿಲು ಒಡೆದು ಒಳನುಗ್ಗಿದಾಗಷ್ಟೇ ಲೋಕಕ್ಕೆ ಅದು ಕಂಡಿತು. ಅಣ್ಣತಮ್ಮಂದಿರು ಅಷ್ಟರಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿದ್ದರು. ಕಾರ್ಮಿಕರ ಬೆವರಿನ ಹಣ ಎಲ್ಲಿ ಹೋಯಿತು ಎಂಬುದಕ್ಕೆ ಸಾಲುಸಾಲು ಬುಗಾಟಿಗಳೇ ಉತ್ತರವಾಗಿ ನಿಂತಿದ್ದವು. 1982ರಿಂದ ಅದು ಎಲ್ಲರಿಗೂ ತೆರೆದ ಮ್ಯೂಸಿಯಂ.

ಅದೇ ದೇಶದ ರೋಜೆ ಬೈಯೋನ್ ಎಂಬ ಸಾರಿಗೆ ಉದ್ಯಮಿಯದು ಇನ್ನೊಂದು ಬಗೆ. ಮ್ಯೂಸಿಯಂ ಮಾಡಬೇಕೆಂಬ ಕನಸಿನಿಂದ 1950–60ರ ದಶಕಗಳಲ್ಲಿ ಕಾರು ಕೂಡಿಸಿದರು. ವ್ಯಾಪಾರ ಕುಸಿದಾಗ ಕೆಲವನ್ನು ಮಾರಿದರು, ಉಳಿದವನ್ನು ತಗಡಿನ ಚಪ್ಪರದಡಿ ಬಿಟ್ಟರು. 2014ರಲ್ಲಿ ಹರಾಜು ಸಂಸ್ಥೆಯವರು ಹೋಗಿ ನೋಡಿದಾಗ ಕೆಲವು ಕಾರುಗಳ ಮೈ ತೂತುಬಿದ್ದು, ಬಳ್ಳಿ ಹಬ್ಬಿತ್ತು. ಹಳೆಯ ಪತ್ರಿಕೆಗಳ ರಾಶಿಯ ಅಡಿಯಲ್ಲಿ ಒಮ್ಮೆ ನಟ ಅಲೆ ದೆಲೋ ಓಡಿಸಿದ್ದ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯ ಸ್ಪೈಡರ್ ಇತ್ತು. 2015ರ ಫೆಬ್ರುವರಿಯಲ್ಲಿ ಪ್ಯಾರಿಸ್ಸಿನಲ್ಲಿ 59 ಕಾರುಗಳನ್ನು ದೂಳು ಒರೆಸದೆ ಹಾಗೇ ಹರಾಜಿಗಿಟ್ಟರು. ಫೆರಾರಿಗೊಂದಕ್ಕೇ 1.63 ಕೋಟಿ ಯೂರೊ. ಕನಸು ಕಂಡಾತ ಅದನ್ನು ನೋಡಲು ಇರಲಿಲ್ಲ. ತುಕ್ಕಿಗೂ ಬೆಲೆ ಬರುವ ಈಗಿನ ರೂಢಿ ನನಗೆ ಅರ್ಥವಾಗುತ್ತದೆ. ಒರೆಸಿದರೆ ಹೋಗುವ ಚರಿತ್ರೆಯನ್ನು ಉಳಿಸುವ ಆಸೆ ಅದು. ಆದರೂ ಛಾವಣಿಯೊಂದು ಸರಿಯಾಗಿದ್ದಿದ್ದರೆ ಉಳಿಯುತ್ತಿದ್ದ ಕಾರುಗಳು ಅವು ಎಂಬುದನ್ನು ಆ ಕೋಟಿಗಳು ಮರೆಸಬಾರದು.

ನಮ್ಮಲ್ಲಿ ಬಿಟ್ಟುಕೊಡುವ ಕಥೆ ಶುರುವಾಗುವುದು ಸಂಸ್ಥಾನಗಳಿಂದ. ಮೈಸೂರೂ ಸೇರಿ ಅರಸು ಮನೆತನಗಳ ಲಾಯಗಳಲ್ಲಿ ಕುದುರೆಗಳ ಜಾಗಕ್ಕೆ ರೋಲ್ಸ್‌ರಾಯ್ಸ್‌ಗಳು ಬಂದವು. ಸ್ವಾತಂತ್ರ್ಯ ಬಂತು, ಸಂಸ್ಥಾನಗಳು ವಿಲೀನವಾದವು, 1971ರಲ್ಲಿ ರಾಜಧನವೂ ನಿಂತಿತು. ಕಾರು ಸಾಕುವ ಖರ್ಚು ಹೊರೆಯಾಯಿತು. ಆ ವರ್ಷಗಳಲ್ಲಿ ಎಷ್ಟೋ ಕಾರುಗಳು ಹೊರದೇಶದ ಗಿರಾಕಿಗಳ ಪಾಲಾದವು, ಇನ್ನೆಷ್ಟೋ ಗುಜರಿಗೆ ಹೋದವು. ಆಮೇಲೆ ಸರ್ಕಾರ ಎಚ್ಚೆತ್ತಿತು. 1950ಕ್ಕೆ ಮೊದಲು ತಯಾರಾದ ಕಾರುಗಳನ್ನು ಈಗ ಪರವಾನಗಿ ಇಲ್ಲದೆ ಹೊರಗೆ ಕಳಿಸುವಂತಿಲ್ಲ. ಈ ನಿಯಮದಿಂದ ಇಲ್ಲಿನ ಬೆಲೆ ಲಂಡನ್ನಿನ ಬೆಲೆಯನ್ನು ಮುಟ್ಟುವುದಿಲ್ಲ ಎಂಬ ಬೇಸರ ಮಾಲೀಕರಿಗಿದೆ. ಇರಲಿ, ನಿಯಮ ಸರಿಯಾಗಿದೆ ಎಂದೇ ನನ್ನ ಅಭಿಪ್ರಾಯ. ಬೆಂಗಳೂರಿನ ಒಂದು ರ‍್ಯಾಲಿಯಲ್ಲಿ ಶಾಲೆಯ ಮಗುವೊಂದು ಆಸ್ಟಿನ್ ಸೆವೆನ್‌ನ ಹಿತ್ತಾಳೆಯ ಹಾರ್ನ್ ಒತ್ತಿ ನೋಡಲು ಸಾಧ್ಯವಾಗುವುದು ಆ ಕಾರು ಇಲ್ಲಿ ಉಳಿದಿದ್ದರೆ ಮಾತ್ರ.

2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇನ್ನೊಂದು ಒಳ್ಳೆಯ ಕೆಲಸ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿಸ್, ಮೈ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳಿಗೆ ವಿಂಟೇಜ್ ಎಂದು ಬೇರೆಯೇ ನೋಂದಣಿ. ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಅಕ್ಷರಗಳು ಬರುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಮರುನೋಂದಣಿಗೆ 5,000. ದಿನನಿತ್ಯದ ಓಡಾಟಕ್ಕಾಗಲೀ ಬಾಡಿಗೆಗಾಗಲೀ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ದುರಸ್ತಿ, ಪೆಟ್ರೋಲು ತುಂಬಿಸುವುದು ಇಂಥವಕ್ಕೆ ರಸ್ತೆಗೆ ತರಬಹುದು. ಮಾರಬಹುದು, ಕೊಳ್ಳಬಹುದು. ಅಜ್ಜ ಕೊಂಡು, ಹೆಸರು ವರ್ಗಾವಣೆಯಾಗದೆ ಶೆಡ್ಡಿನಲ್ಲಿ ಕೊಳೆಯುತ್ತಿದ್ದ ಎಷ್ಟೋ ವಾಹನಗಳಿಗೆ ಈಗ ಕಾನೂನಿನ ಬಾಗಿಲು ತೆರೆದಿದೆ.

ಇನ್ನು ಕರ್ನಾಟಕದಲ್ಲೇ ಕಣ್ಣೆದುರಿಗಿರುವ ಒಂದು ದಾರಿ. ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರು ದಶಕಗಳ ಕಾಲ ಕೂಡಿಸಿದ ಹಳೆಯ ಕಾರುಗಳನ್ನು ನೋಡಲು ಬಹಳ ಕಾಲ ಧರ್ಮಸ್ಥಳಕ್ಕೇ ಹೋಗಬೇಕಿತ್ತು. 2023ರಲ್ಲಿ ಶ್ರೀರಂಗಪಟ್ಟಣದ ಬಳಿ, ಬೆಂಗಳೂರು–ಮೈಸೂರು ದಾರಿಯಲ್ಲಿ ‘ಪಯಣ’ ಎಂಬ ಕಾರು ಮ್ಯೂಸಿಯಂ ತೆರೆಯಿತು. ದಸರೆಗೆ ಹೋಗುವ ಸಂಸಾರಗಳು, ಶಾಲಾ ಪ್ರವಾಸದ ಬಸ್ಸುಗಳು ಇಳಿಯಬಹುದಾದ ಜಾಗದಲ್ಲಿ. ಕೂಡಿಸಿದವರು ಇರುವಾಗಲೇ, ಅವರ ಕಣ್ಣೆದುರಿನಲ್ಲೇ ಸಂಗ್ರಹವೊಂದು ಸಾರ್ವಜನಿಕರ ಕಡೆಗೆ ಹೊರಳಿದ ರೀತಿ ಇದು. ಹ್ಯಾರಾ ಮಾಡದೆ ಬಿಟ್ಟದ್ದು ಇದನ್ನೇ.

ಆದರೆ ನಮ್ಮಲ್ಲಿ ಹೆಚ್ಚಿನ ಹಳೆಯ ಕಾರುಗಳಿರುವುದು ಮ್ಯೂಸಿಯಮ್ಮುಗಳಲ್ಲಲ್ಲ. ಕಾಫಿ ತೋಟದ ಬಂಗಲೆಯ ಹಿಂದೆ, ಡಾಕ್ಟರರ ಹಳೆಯ ಮನೆಯ ಪೋರ್ಟಿಕೋದಲ್ಲಿ, ಮಲ್ಲೇಶ್ವರ, ಬಸವನಗುಡಿಗಳ ಓಣಿಯಲ್ಲಿ ಪ್ಲಾಸ್ಟಿಕ್ ಹೊದ್ದು ನಿಂತಿವೆ. ಒಂದು ಮನೆಗೆ ಒಂದು, ಅಬ್ಬಬ್ಬಾ ಎಂದರೆ ಮೂರು. ಅವನ್ನು ಮಾರುವಾಗ ನಡೆಯುವುದು ಹೀಗೆ: ಮನೆ ಕೆಡವಿ ಅಪಾರ್ಟ್‌ಮೆಂಟ್ ಏಳಬೇಕಾಗಿರುತ್ತದೆ, ಹದಿನೈದು ದಿನದಲ್ಲಿ ಜಾಗ ಖಾಲಿ ಆಗಬೇಕು, ಮಕ್ಕಳು ಹೊರಗಿನಿಂದ ಬಂದಿರುತ್ತಾರೆ. ಮೊದಲು ಬಂದ ಗಿರಾಕಿಗೆ ಕಾರು ಹೋಗುತ್ತದೆ. ಪೆಟ್ಟಿಗೆಯ ಕಾಗದಗಳು ಹಳೆ ಪೇಪರಿನವನಿಗೆ, ಗ್ಯಾರೇಜಿನ ಮೂಲೆಯ ಕಬ್ಬಿಣ ಗುಜರಿಗೆ. ಕೊಂಡವರು ಆರು ತಿಂಗಳ ಮೇಲೆ ಒಂದು ಪುಟ್ಟ ಭಾಗಕ್ಕಾಗಿ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿ ಓಣಿಗಳಲ್ಲಿ ಅಲೆಯುತ್ತಾರೆ. ಅದು ಅದೇ ಗ್ಯಾರೇಜಿನ ಮೂಲೆಯಲ್ಲಿತ್ತು.

ಹಾಗಾಗಿ ಮನೆಯಲ್ಲಿ ಅಂಥ ಕಾರೊಂದಿದ್ದು, ಬಿಟ್ಟುಕೊಡುವ ಹೊತ್ತು ಬಂದಿದ್ದರೆ ಒಂದು ವಾರ ತೆಗೆದಿಡಿ. ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆಗಳ ಫೋಟೊ ತೆಗೆದು ಆರ್‌ಸಿ ಪುಸ್ತಕದ ಜೊತೆ ಹೋಲಿಸಿ. ಅಜ್ಜ ಕಾರಿನ ಬಾನೆಟ್ ಮೇಲೆ ಕೈಯಿಟ್ಟು ನಿಂತ ಮದುವೆಯ ಫೋಟೊ, ತೆರಿಗೆ ಕಟ್ಟಿದ ಹಳೆಯ ರಸೀದಿ, ಗ್ಯಾರೇಜಿನ ಬಿಲ್ಲು ಎಲ್ಲವನ್ನೂ ಒಂದು ಫೈಲಿಗೆ ಹಾಕಿ. ಎಂಜಿನ್ ಕೊನೆಯ ಸಲ ಬಿಚ್ಚಿದ್ದು ಯಾವಾಗ, ಚಳಿಯಲ್ಲಿ ಸ್ಟಾರ್ಟ್ ಆಗದಿದ್ದರೆ ಏನು ಮಾಡಬೇಕು, ಯಾವ ಗೇರು ಹಟ ಮಾಡುತ್ತದೆ ಎಂಬುದನ್ನು ಆ ಕಾರು ನೋಡಿಕೊಂಡ ಮೇಸ್ತ್ರಿ ಬದುಕಿದ್ದರೆ ಅವರನ್ನು ಕೂರಿಸಿ ಮೊಬೈಲಿನಲ್ಲಿ ಹೇಳಿಸಿಕೊಳ್ಳಿ. ಸಾಧ್ಯವಾದರೆ ಕೊಳ್ಳುವವರನ್ನೂ ಅವತ್ತೇ ಕರೆಸಿ, ಇಬ್ಬರೂ ಒಟ್ಟಿಗೆ ಬಾನೆಟ್ ಎತ್ತಲಿ. ಎಪ್ಪತ್ತರ ದಶಕದಲ್ಲಿ ಪೆಟ್ರೋಲು ಉಳಿಸಲೆಂದು ಬದಲಾಯಿಸಿ ತೆಗೆದಿಟ್ಟ ಮೂಲ ಕಾರ್ಬ್ಯುರೇಟರ್ ಅಟ್ಟದ ಮೇಲಿನ ಡಬ್ಬದಲ್ಲಿರಬಹುದು. ಅದನ್ನೂ ಇಳಿಸಿ ಕಾರಿನ ಜೊತೆಗೇ ಕೊಡಿ.